ಬದನೆ ಬೇರು, ಟೊಮೆಟೊ ತಲೆ | ಹಿತ್ತಲ ಇತಿಹಾಸ, ಭಾಗ 4

ನಿಮ್ಮನೆ ಹಿತ್ತಲಲ್ಲೂ ಹೀಗಾಗಿದ್ಯಾ? ನಿನ್ನೆವರೆಗೂ ಚೆನ್ನಾಗಿದ್ದ ಟೊಮೆಟೊ ಗಿಡ, ಕಾಯಿ ಹಿಡಿಯೋ ಹೊತ್ತಿಗೆ ಎಲೆ ಹಸಿರಾಗಿರುವಾಗಲೇ ಬಾಡಿ ಬಿಡುತ್ತೆ. ನೀರು ಹಾಕಿದ್ರೂ ಏಳಲ್ಲ. ನಮ್ಮನೇಲಿ ಮೂರು ವರ್ಷ ಹೀಗೇ ಆಯ್ತು. "ನಿನ್ನ ಕೈಗುಣ ಸರಿ ಇಲ್ಲ" ಅಂತ ಯಾರೋ ಅಂದ್ರು, ಅಮ್ಮ ಟೊಮೆಟೊ ಹಾಕೋದನ್ನೇ ಬಿಟ್ಟರು.

ತಪ್ಪು ಕೈಯದ್ದಲ್ಲ, ಮಣ್ಣಲ್ಲಿರೋ ರೋಗದ್ದು. ಬಾಡಿದ ಗಿಡದ ಕಾಂಡ ಕತ್ತರಿಸಿ ಲೋಟದ ತಿಳಿನೀರಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಅಮೆರಿಕದ ವಿಜ್ಞಾನಿ ಎರ್ವಿನ್ ಸ್ಮಿತ್ 1896ರಲ್ಲೇ ಈ ರೋಗಾಣುವನ್ನು ವಿವರಿಸಿದ್ದರು. ಸಕಲೇಶಪುರ, ಆಲೂರು ಕಡೆಯ ಮಳೆ, ಹುಳಿ ಮಣ್ಣು ಇದಕ್ಕೆ ಒಗ್ಗುತ್ತೆ. ಒಮ್ಮೆ ಗಿಡಕ್ಕೆ ಬಂದರೆ ಔಷಧಿಯಿಂದ ವಾಸಿಯಾಗಲ್ಲ.

ಹಾಗಾದ್ರೆ ದಾರಿ? ಬೇರನ್ನೇ ಬದಲಿಸೋದು. 1920ರ ದಶಕದಲ್ಲಿ ಜಪಾನಿನ ರೈತರು ಇಂಥದ್ದೇ ಇನ್ನೊಂದು ಸೊರಗು ರೋಗಕ್ಕೆ ಕಲ್ಲಂಗಡಿಯನ್ನು ಕುಂಬಳದ ಬೇರಿಗೆ ಕಸಿ ಕಟ್ಟಿದರು. 1950ರ ದಶಕದಲ್ಲಿ ಬದನೆ, ಆಮೇಲೆ ಟೊಮೆಟೊ ಸರದಿ. ತೈವಾನಿನಲ್ಲಿ 1971ರಲ್ಲಿ ಶುರುವಾದ ವಿಶ್ವ ತರಕಾರಿ ಕೇಂದ್ರ, ಟೊಮೆಟೊಗೆ ಬದನೆ ಬೇರು ಕೊಡೋದನ್ನು ಬೆಳೆಸಿತು. ಆ ಬೇರು ನೀರು ನಿಂತರೂ ಕೆಲವು ದಿನ ತಡಕೊಳ್ಳುತ್ತೆ. ಮಜಾ ನೋಡಿ: ಟೊಮೆಟೊ ದಕ್ಷಿಣ ಅಮೆರಿಕದ ನೆಂಟ, ಬದನೆ ನಮ್ಮ ಕಡೆಯದೇ. ಆದ್ರೆ ಬದನೆಗೂ ಈ ರೋಗ ಬರುತ್ತೆ, ರೋಗ ತಡೆಯೋ ತಳಿಯೇ ಆಗಬೇಕು.

ಕಸಿ ಕಟ್ಟೋದು ಒಂದು ನಿಮಿಷದ ಕೆಲಸ. ಒಂದೇ ದಪ್ಪದ ಎರಡು ಎಳೆ ಕಾಂಡ, ಓರೆಯಾಗಿ ಕೊಯ್ದು ಕೂಡಿಸಿ ಸಣ್ಣ ಸಿಲಿಕಾನ್ ಕ್ಲಿಪ್. ಕಷ್ಟ ಇರೋದು ಆಮೇಲಿನ ವಾರ. ಮೇಲಿನ ತಲೆಗೆ ಬೇರಿಲ್ಲ, ಎಲೆ ಮಾತ್ರ ನೀರು ಕಳಕೊಳ್ತಾ ಇರುತ್ತೆ. ಅದಕ್ಕೇ ಪ್ಲಾಸ್ಟಿಕ್ ಹೊದಿಸಿ, ಒಳಗೆ ತೇವ ಇಟ್ಟು, ಮೊದಲ ಎರಡು ಮೂರು ದಿನ ಕತ್ತಲಲ್ಲಿಡಬೇಕು. 25ರಿಂದ 28 ಡಿಗ್ರಿ ಬಿಸಿ ಸಾಕು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬೆಳಕು, ಗಾಳಿ. ಏಳರಿಂದ ಹತ್ತು ದಿನಕ್ಕೆ ಗಾಯ ಕೂಡುತ್ತೆ. ಅವಸರಪಟ್ಟು ಹೊದಿಕೆ ತೆಗೆದ್ರೆ ಸತ್ತೇ ಹೋಗುತ್ತೆ.

ನೆಡುವಾಗ ಕಸಿ ಗಂಟು ಮಣ್ಣಿನ ಮೇಲೇ ಇರಲಿ. ಹೂತರೆ ಟೊಮೆಟೊ ತನ್ನದೇ ಬೇರು ಬಿಡುತ್ತೆ, ರೋಗ ಮತ್ತೆ ಹತ್ತುತ್ತೆ.

ಬಿಕಾಂ ಲೆಕ್ಕ: ಒಂದು ಗಿಡಕ್ಕೆ ಎರಡು ಸಸಿ ಖರ್ಚು. ರೋಗ ಇರೋ ಮಣ್ಣಿಗೆ ಮಾತ್ರ ಲಾಭ. ಆದ್ದರಿಂದ ಮೊದಲು ಲೋಟದ ಪರೀಕ್ಷೆ ಮಾಡಿ. ಆಮೇಲೆ ಅಮ್ಮನಿಗೆ ಹೇಳಿ, ಕೈಗುಣದ ತಪ್ಪಲ್ಲ ಅಂತ. ನಾನು ಹೇಳಿದೆ. ಈ ಸಲ ನಮ್ಮನೇಲಿ ಬದನೆ ಬೀಜ ಮೊದಲು ಹಾಕಿದ್ದೀವಿ.

#ಹಿತ್ತಲಇತಿಹಾಸ #ಮಲೆನಾಡು