ಹಾರೆ ಹಿಡಿದವರ ಚರಿತ್ರೆ

ದೊಡ್ಡ ಕಲ್ಲು ಕಂಡರೆ ಸಾಕು, ಅದನ್ನು ಎತ್ತಿದವರು ಅನ್ಯಗ್ರಹದವರೇ ಇರಬೇಕು ಎನ್ನುವ ವಿಡಿಯೊಗಳಿಗೆ ಈಗ ಬರವಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನಂತೂ ಯಾರೂ ಎತ್ತಿ ತಂದದ್ದೇ ಅಲ್ಲ, ಬೆಟ್ಟದ ಬಂಡೆಯಲ್ಲೇ ಕಡೆದದ್ದು. ಸಾಗಣೆಯ ಪ್ರಶ್ನೆ ಕೇಳಬೇಕಾದದ್ದು ಕಾರ್ಕಳದಲ್ಲಿ. 1432ರಲ್ಲಿ ಪ್ರತಿಷ್ಠೆಯಾದ ಸುಮಾರು 42 ಅಡಿಯ ಬಾಹುಬಲಿಯನ್ನು ಬೇರೆಡೆ ಕಡೆದು, ಬಂಡಿಯ ಮೇಲೆ ಗುಡ್ಡಕ್ಕೆ ಏರಿಸಿದರೆಂಬುದು ಅಲ್ಲಿ ನಡೆದುಬಂದ ಮಾತು. ಇಂಥ ಕೆಲಸ ಶುರುವಾಗುವುದೇ ಸನ್ನೆಗೋಲಿನಿಂದ. ಆದರೂ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರ ಚಿಕ್ಕದು.

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಆರ್ಕಿಮಿಡೀಸ್ ಸನ್ನೆಗೋಲಿನ ನಿಯಮವನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ. ದುಡಿಯುವವರಿಗೆ ಅದು ಅಷ್ಟರಲ್ಲೇ ಕೈಬಳಕೆಯ ವಿದ್ಯೆ. 19ನೇ ಶತಮಾನದ ಅಮೆರಿಕದಲ್ಲಿ ಜೋಸೆಫ್ ಪೀವಿ ಎಂಬ ಕಮ್ಮಾರ ಕೋಲಿಗೆ ಕೊಕ್ಕೆ ಜೋಡಿಸಿ, ದಿಮ್ಮಿ ಉರುಳಿಸುವವರಿಗೆ ಒಳ್ಳೆಯ ಉಪಕರಣ ಮಾಡಿಕೊಟ್ಟ.

ನಮ್ಮ ಹಾರೆ ಅದಕ್ಕಿಂತ ಸರಳ. ಆರಡಿ ಹಾರೆಯ ಮೂತಿಯನ್ನು ಚಪ್ಪಡಿಯ ಅಡಿಗೆ ತೂರಿಸಿ, ಮೂತಿಯಿಂದ ಮೂರು ಅಂಗುಲ ಹಿಂದೆ ಒತ್ತುಗಲ್ಲು ಇಟ್ಟರೆ ಬಲ 23 ಪಟ್ಟಾಗುತ್ತದೆ. ಹಿಂದಿನ ತುದಿಯಲ್ಲಿ 50 ಕಿಲೊ ಭಾರ ಹೇರಿದವನು 1,150 ಕಿಲೊ ಮೀಟಬಲ್ಲ. ಆದರೆ ಕೈ 23 ಅಂಗುಲ ಇಳಿದರೆ ಕಲ್ಲು ಏಳುವುದು ಒಂದೇ ಅಂಗುಲ. ಆ ಅಂಗುಲದ ಸಂದಿಗೆ ಕೂಡಲೇ ಮರದ ತುಂಡು ಸೇರಬೇಕು, ಸೇರಿಸುವವನ ಬೆರಳು ಒಳಗೆ ಹೋಗಕೂಡದು. ಮೀಟುವವನ ತೋಳಿಗಿಂತ ಒತ್ತು ಕೊಡುವವನ ಕಣ್ಣು ಹೆಚ್ಚಿನದು. ಶಾಲೆಯ ಪಾಠ ಈ ಎರಡನೆಯವನನ್ನು ಪೂರ್ತಿ ಮರೆತಿದೆ.

ಅವನ ಮಹತ್ವ ಜಗತ್ತಿಗೆ ಕಂಡದ್ದು ಈಸ್ಟರ್ ದ್ವೀಪದಲ್ಲಿ. 1955-56ರಲ್ಲಿ ನಾರ್ವೆಯ ಅನ್ವೇಷಕ ಥಾರ್ ಹೆಯರ್‌ಡಾಲ್ ಕೇಳಿಕೊಂಡಾಗ 12 ಮಂದಿ ದ್ವೀಪವಾಸಿಗಳು ಮರದ ಕಂಬಗಳಿಂದ ಮೀಟುತ್ತ, ಅಡಿಗೆ ಕಲ್ಲು ತುಂಬುತ್ತ, ಬಿದ್ದಿದ್ದ ಭಾರಿ ಶಿಲಾಮೂರ್ತಿಯೊಂದನ್ನು 18 ದಿನಗಳಲ್ಲಿ ನಿಲ್ಲಿಸಿದರು.

ನಮ್ಮ ಕರಾವಳಿಯ ಪಕ್ಕದ ಮಲಬಾರಿನ ಮಾಪಿಳ್ಳ ಖಲಾಸಿಗಳದು ಇದೇ ಪರಂಪರೆಯ ಅತ್ಯುತ್ತಮ ಶಾಲೆ. ಬೇಪೂರಿನಲ್ಲಿ ಉರು ಹಡಗುಗಳನ್ನು ನೀರಿಗಿಳಿಸುವ ಈ ಜನ ಹಗ್ಗ, ರಾಟೆ, ಮರದ ದಿಮ್ಮಿ, ಸನ್ನೆಗಳನ್ನೇ ನಂಬಿದವರು. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್‌ನಲ್ಲಿ ಅಷ್ಟಮುಡಿ ಕೆರೆಗೆ ಬಿದ್ದಾಗ, ಬೋಗಿಗಳನ್ನು ಮೇಲೆತ್ತಲು ಬಂದವರಲ್ಲಿ ಅವರಿದ್ದರು. ಕಾರ್ಖಾನೆಗಳಲ್ಲಿ ಇದೇ ಸನ್ನೆಯ ಕೆಲಸಕ್ಕೆ ‘ಟರ್ಫರ್’ ಎಂಬ ಕೈಯಂತ್ರ ಬಳಕೆಗೆ ಬಂತು: ಸನ್ನೆಯನ್ನು ಹಿಂದೆ ಮುಂದೆ ಆಡಿಸಿದಂತೆ ಒಳಗಿನ ಎರಡು ದವಡೆಗಳು ಸರದಿಯಲ್ಲಿ ಉಕ್ಕಿನ ಹಗ್ಗ ಕಚ್ಚಿ ಎಳೆಯುತ್ತವೆ. ಕ್ರೇನ್ ನುಗ್ಗದ ಮೂಲೆಗೆ ಇಂದಿಗೂ ಅದೇ ಗತಿ.

ಈಗ ಹಲವು ಊರುಗಳಲ್ಲಿ ತೇರನ್ನು ಜೆಸಿಬಿ ನೂಕುತ್ತದೆ. ಚಕ್ರಕ್ಕೆ ಸನ್ನೆ ಕೊಟ್ಟು ತೇರು ಹೊರಡಿಸುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಅವರ ಕೋಲಿನ ಉದ್ದ, ಮರದ ಜಾತಿ, ಒತ್ತು ಇಡುವ ಜಾಗ ಇವನ್ನೆಲ್ಲ ಅಳೆದು, ಚಿತ್ರ ಬರೆದು, ಐಟಿಐ ಹುಡುಗರ ಕೈಗೆ ಕೊಡುವ ಕೆಲಸ ಈ ವರ್ಷವೇ ಶುರುವಾಗಬೇಕು.