ಸಿಇಟಿ ಮತ್ತು ನಮ್ಮ ಶಾಲೆಯ ಪ್ರಮಾಣಪತ್ರ

ಇಂದು ನಮ್ಮೂರಿನ ಹುಡುಗರು ಇಂಜಿನಿಯರಿಂಗ್ ಸೇರುವುದು ದೊಡ್ಡ ಸುದ್ದಿಯೇನಲ್ಲ. ನಮ್ಮ ಹಿರಿಯರ ಕಾಲಕ್ಕೆ ಹಾಗಿರಲಿಲ್ಲ.

ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ 1917ರಲ್ಲೇ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ನಮಗೆ ಹತ್ತಿರದ ದಾವಣಗೆರೆಗೆ ಬಿ.ಡಿ.ಟಿ. ಕಾಲೇಜು ಬಂದದ್ದು 1951ರಲ್ಲಿ. ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಹಾವಳಿಯೂ ಹೆಚ್ಚಿತು. ಅದನ್ನು ತಡೆಯಲು ರಾಜ್ಯವು 1984ರಲ್ಲಿ ಕಾಯ್ದೆ ತಂದರೂ ಹಣವಂತರ ದಾರಿ ಮುಚ್ಚಲಿಲ್ಲ. 1989ರ ಆದೇಶದಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟಿಗೆ ರಾಜ್ಯದವರು 25,000, ಹೊರಗಿನವರು 60,000 ಕೊಡಬೇಕಿತ್ತು. ಮಳೆ ನಂಬಿ ಶೇಂಗಾ ಬಿತ್ತುವವರು ಇಂಥ ಲೆಕ್ಕವನ್ನು ಕೇಳಿಯೇ ಸುಮ್ಮನಾಗುತ್ತಿದ್ದರು. 1992ರಲ್ಲಿ ಮೋಹಿನಿ ಜೈನ್, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅದರ ಬೆನ್ನಲ್ಲೇ 1994ರಲ್ಲಿ ರಾಜ್ಯದ ಸಿಇಟಿ ಸೆಲ್ ಹುಟ್ಟಿತು.

ನಾನು ಸಿಇಟಿ ಬರೆದದ್ದು 2006ರಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್. ಇಲ್ಲಿ ‘ವೇಗೋತ್ಕರ್ಷ’ ಎಂದು ಕಲಿತಿದ್ದ ನಾನು ಪಿಯುಸಿಯಲ್ಲಿ ‘ಆಕ್ಸಿಲರೇಷನ್’ ಎಂದರೆ ಅದೇ ಎಂದು ತಿಳಿಯಲು ಎರಡು ತಿಂಗಳು ತೆಗೆದುಕೊಂಡೆ! ಆದರೆ ಕೌನ್ಸೆಲಿಂಗ್‌ನಲ್ಲಿ ಕೈಹಿಡಿದದ್ದೂ ಅದೇ ಕನ್ನಡ ಶಾಲೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ. ಮುಖ್ಯೋಪಾಧ್ಯಾಯರ ಸಹಿ, ಚಳ್ಳಕೆರೆಯ ಬಿಇಒ ಕಚೇರಿಯ ಮೇಲುಸಹಿ ಇದ್ದ ಪ್ರಮಾಣಪತ್ರವನ್ನು ಅಪ್ಪ ಪೇಪರಿನಲ್ಲಿ ಸುತ್ತಿ, ಬೆಂಗಳೂರು ಬಸ್ಸಿನಲ್ಲಿ ರಾತ್ರಿಯೆಲ್ಲ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆ ಹಾಳೆ ಇರದಿದ್ದರೆ ನನ್ನ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗುತ್ತಿರಲಿಲ್ಲ.

ಈಗ ಕೌನ್ಸೆಲಿಂಗ್ ಆನ್‌ಲೈನ್. ಚಳ್ಳಕೆರೆಯಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ನಾವು ದನ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ ಚಂದ್ರಯಾನದ ಲ್ಯಾಂಡರ್‌ನ ಉಪಕರಣಗಳನ್ನು ಪರೀಕ್ಷಿಸಿದರು. (ಮೇವಿನ ಜಾಗ ಹೋದದ್ದೂ ನಿಜ, ಅದು ಬೇರೆಯೇ ಲೇಖನ.)

ಸಿಇಟಿ ನನಗೆ ನ್ಯಾಯ ಕೊಟ್ಟಿತು. ಆದರೆ ಅದು ಪರೀಕ್ಷಾ ಕೊಠಡಿಯವರೆಗೆ ಬಂದವರನ್ನು ಮಾತ್ರ ಅಳೆಯುತ್ತದೆ. ನಮ್ಮ ತರಗತಿಯಲ್ಲಿ ನನಗಿಂತ ಬೇಗ ಲೆಕ್ಕ ಬಿಡಿಸುತ್ತಿದ್ದವಳು ಒಬ್ಬಳಿದ್ದಳು. ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಪಿಯುಸಿ ಸೇರಲೇ ಇಲ್ಲ. ಕಳೆದ ಜಾತ್ರೆಯಲ್ಲಿ ಸಿಕ್ಕಿದ್ದಳು. ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಂತೆ. “ಆ ಹಳ್ಳಿ ಸರ್ಟಿಫಿಕೇಟು ಯಾವಾಗ ಮಾಡಿಸಬೇಕಪ್ಪಾ?” ಎಂದು ಕೇಳಿದಳು.