ಹೊಗೆಯೊಳಗಿನಿಂದ ಬರುವ ಸುದ್ದಿ

1944ರ ಏಪ್ರಿಲ್ 14ರ ಮಧ್ಯಾಹ್ನ ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನಿಂದ ಹೊಗೆ ಎದ್ದಿತು. ಒಳಗೆ ಹತ್ತಿಯ ಮೂಟೆಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕವಿತ್ತು. ಹಡಗನ್ನು ಅಲ್ಲೇ ಮುಳುಗಿಸಿ ಎಂದರು ಕೆಲವರು. ಸಮುದ್ರಕ್ಕೆ ಎಳೆದೊಯ್ಯಿರಿ ಎಂದರು ಕೆಲವರು. ಸೇನೆಗೆ, ಬಂದರಿಗೆ, ಹಡಗಿಗೆ, ಅಗ್ನಿಶಾಮಕ ದಳಕ್ಕೆ ಅವರವರ ಅಧಿಕಾರಿಗಳಿದ್ದರು. ಎಲ್ಲರ ಪರವಾಗಿ ಕೊನೆಯ ಮಾತು ಹೇಳುವವರು ಇರಲಿಲ್ಲ. ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ಸತ್ತರು. ನಾವು ಪ್ರತಿವರ್ಷ ಆಚರಿಸುವ ಅಗ್ನಿಶಾಮಕ ಸೇವಾ ದಿನ ಅವರ ನೆನಪಿನದು.

ಅವಘಡದ ಜಾಗದಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೆ ಕಳೆದ ಅರ್ಧ ಶತಮಾನದಲ್ಲಿ ಸಿಕ್ಕ ಉತ್ತರಕ್ಕೆ ‘ಇನ್ಸಿಡೆಂಟ್ ಕಮಾಂಡ್’ ಎಂದು ಹೆಸರು. ಇದರ ಕಥೆಯನ್ನು ಸಾಮಾನ್ಯವಾಗಿ ಅಧಿಕಾರಿಗಳ ಕಡೆಯಿಂದ ಹೇಳುತ್ತಾರೆ. ಆದರೆ ಕಮಾಂಡರ್ ನಿಲ್ಲುವುದು ಕಟ್ಟಡದ ಹೊರಗೆ. ಒಳಗಿನ ಛಾವಣಿ ಬಾಗಿದೆಯೇ, ಮೆಟ್ಟಿಲು ಗಟ್ಟಿಯಿದೆಯೇ ಎನ್ನುವುದು ಹೋಸ್ ಹಿಡಿದವರಿಗೇ ಗೊತ್ತು. ಅವರ ಸುದ್ದಿ ಹೊರಗೆ ತಲುಪಿದರೆ ಆಜ್ಞೆಗೆ ಅರ್ಥ, ಇಲ್ಲವಾದರೆ ಅದು ಕತ್ತಲಲ್ಲಿ ಎಸೆದ ಕಲ್ಲು. ಈ ಕ್ಷೇತ್ರದ ಬೆಳವಣಿಗೆಯೆಂದರೆ ಆ ಸುದ್ದಿಗೆ ದಾರಿ ಮಾಡಿಕೊಟ್ಟ ಕಥೆಯೇ. ಒಂದೊಂದು ದಾರಿಯೂ ಸಾವು ನೋಡಿದ ಮೇಲೆ ತೆರೆದದ್ದು.

ಮೊದಲನೆಯದು ಒಂದು ಬಿಲ್ಲೆ. 1958ರ ಜನವರಿಯಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಚಕ್ರವ್ಯೂಹದಂಥ ಓಣಿಗಳಲ್ಲಿ ದಾರಿ ತಪ್ಪಿ ಇಬ್ಬರು ಸತ್ತರು. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಅವರ ಉಸಿರಾಟದ ಸಲಕರಣೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬ ಲೆಕ್ಕ ಬಿಗಿಯಾಗಿರಲಿಲ್ಲ. ಆಮೇಲೆ ಆ ಸಲಕರಣೆ ಧರಿಸಿ ಒಳಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲಲ್ಲಿ ಕೊಟ್ಟು ಹೋಗುವ ಪದ್ಧತಿ ನೆಲೆಗೊಂಡಿತು. ಬಾಗಿಲ ಬಳಿ ಹಲಗೆ ಹಿಡಿದು ನಿಲ್ಲುವ ಸಿಬ್ಬಂದಿ ಬೆಂಕಿಗೆ ಒಂದು ಹನಿ ನೀರನ್ನೂ ಹಾಕುವುದಿಲ್ಲ. ಆದರೆ ಕಮಾಂಡರ್‌ಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಎರಡು ಸಂಖ್ಯೆಗಳು ಅವರ ಕೈಯಲ್ಲಿವೆ: ಒಳಗೆ ಎಷ್ಟು ಜನ, ಉಳಿದದ್ದು ಎಷ್ಟು ನಿಮಿಷ.

ಎರಡನೆಯ ಹೆಜ್ಜೆ ದೊಡ್ಡದು. 1970ರ ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯಾದ ಕಾಡು 13 ದಿನ ಉರಿಯಿತು. 16 ಜನ ಸತ್ತರು, 700ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಬಂದ ದಳಗಳಿಗೇನೂ ಕೊರತೆಯಿರಲಿಲ್ಲ. ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಂದೇ ಪದಕ್ಕೆ ಊರೂರಿಗೆ ಬೇರೆ ಅರ್ಥವಿತ್ತು. ಇದರ ಫಲವಾಗಿ 1972ರಲ್ಲಿ ಹುಟ್ಟಿದ ‘ಫೈರ್‌ಸ್ಕೋಪ್’ ಯೋಜನೆಯಲ್ಲಿ ಅರಣ್ಯ ಇಲಾಖೆಗಳೂ ನಗರ, ಕೌಂಟಿಗಳ ಅಗ್ನಿಶಾಮಕ ದಳಗಳೂ ಸೇರಿ ‘ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್’ ರೂಪಿಸಿದವು. ಕಮಾಂಡರ್ ಕೈಕೆಳಗೆ ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆ, ಹಣಕಾಸು ಎಂಬ ನಾಲ್ಕು ವಿಭಾಗಗಳು. ಒಬ್ಬರ ಕೆಳಗೆ ಮೂವರಿಂದ ಏಳು ಮಂದಿ, ಐದಾದರೆ ಉತ್ತಮ. ರೇಡಿಯೋದಲ್ಲಿ ಸಂಕೇತ ಬಿಟ್ಟು ಸಾದಾ ಮಾತು.

ದಳಗಳಿಗೆ ಇದರಿಂದ ಹೊಸದೊಂದು ಶಿಸ್ತು ಬಂತು: ಕಾಯುವುದು. ನೆರವಿಗೆ ಬಂದ ವಾಹನ ನೇರವಾಗಿ ಬೆಂಕಿಗೆ ನುಗ್ಗದೆ ‘ಸ್ಟೇಜಿಂಗ್’ ಜಾಗದಲ್ಲಿ ಹಾಜರಿ ಹಾಕಿ ಕರೆ ಬರುವವರೆಗೆ ನಿಲ್ಲಬೇಕು. ಉರಿಯುವುದನ್ನು ಕಂಡೂ ಸುಮ್ಮನಿರುವುದು ಈ ವೃತ್ತಿಯವರಿಗೆ ಕಷ್ಟದ ಕೆಲಸ. ಆದರೆ ಕಮಾಂಡರ್‌ಗೆ ಗೊತ್ತಿಲ್ಲದೆ ಒಳಗೆ ಹೋದ ದಳ ಸಿಕ್ಕಿಬಿದ್ದರೆ ಅದನ್ನು ಹುಡುಕುವವರೂ ಇರುವುದಿಲ್ಲ.

ಕಾಡಿಗೆ ಹೊಂದಿದ ಈ ಅಂಗಿಯನ್ನು ಊರಿನ ಬೆಂಕಿಗೆ ಹೊಲಿದುಕೊಟ್ಟವರು ಅರಿಜೋನಾದ ಫೀನಿಕ್ಸ್ ನಗರದ ಅಗ್ನಿಶಾಮಕ ಮುಖ್ಯಸ್ಥ ಅಲನ್ ಬ್ರೂನಾಸಿನಿ. ಅವರ ‘ಫೈರ್ ಕಮಾಂಡ್’ ಪುಸ್ತಕ 1985ರಲ್ಲಿ ಬಂತು. ಮನೆಯ ಬೆಂಕಿ 13 ದಿನ ಕಾಯುವುದಿಲ್ಲ. ಹಿರಿಯ ಅಧಿಕಾರಿ ಬರುವಷ್ಟರಲ್ಲಿ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಆದ್ದರಿಂದ ಮೊದಲು ಬಂದ ವಾಹನದ ಮುಖ್ಯಸ್ಥರೇ ಮೊದಲ ಕಮಾಂಡರ್. ಎಂಥ ಕಟ್ಟಡ, ಹೊಗೆ ಎಲ್ಲಿದೆ, ನಾವೇನು ಮಾಡಲು ಹೊರಟಿದ್ದೇವೆ ಎಂದು ಅವರು ರೇಡಿಯೋದಲ್ಲಿ ಹೇಳುವ ನಾಲ್ಕು ವಾಕ್ಯಗಳ ಮೇಲೆ ಮುಂದಿನದೆಲ್ಲ ನಿಲ್ಲುತ್ತದೆ. ಒಳಹೊಕ್ಕ ದಳ ‘ಹುಡುಕಿದ್ದೇವೆ, ಒಳಗೆ ಯಾರೂ ಉಳಿದಿಲ್ಲ’, ‘ಬೆಂಕಿ ಹತೋಟಿಗೆ ಬಂತು’, ‘ಇನ್ನು ಹಾನಿಯಿಲ್ಲ’ ಎಂಬ ಮೂರು ಮಾತುಗಳನ್ನು ಸಮಯಕ್ಕೆ ಸರಿಯಾಗಿ ಹೊರಗೆ ಮುಟ್ಟಿಸಬೇಕು.

ಮಾತು ಹೊರಟರೆ ಸಾಲದು, ಕೇಳಿಸಿಕೊಳ್ಳುವವರೂ ಬೇಕು. 1988ರ ಜುಲೈ 1ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಕಾರು ಮಾರಾಟ ಮಳಿಗೆಯ ಛಾವಣಿ ಕುಸಿದು ಐವರು ಅಗ್ನಿಶಾಮಕರು ಸತ್ತರು. ಅವರಲ್ಲಿ ಇಬ್ಬರು ಕುಸಿತದಿಂದ ಪಾರಾಗಿ ಒಂದು ಕೋಣೆ ಸೇರಿ ರೇಡಿಯೋದಲ್ಲಿ ನೆರವಿಗೆ ಮೊರೆಯಿಟ್ಟಿದ್ದರು. ಗದ್ದಲದಲ್ಲಿ ಆ ದನಿ ಕಮಾಂಡ್‌ಗೆ ಸರಿಯಾಗಿ ಮುಟ್ಟಲಿಲ್ಲ. ಒಳಗೆ ಇಬ್ಬರಿದ್ದರೆ ಹೊರಗೆ ಇಬ್ಬರು ಸಿದ್ಧವಿರಬೇಕು ಎಂಬ ನಿಯಮ ಅಮೆರಿಕದಲ್ಲಿ 1998ರಲ್ಲಿ ಬಂತು. 2001ರಲ್ಲಿ ಸೂಪರ್‌ಮಾರ್ಕೆಟ್ ಬೆಂಕಿಯೊಂದರಲ್ಲಿ ತನ್ನವನೊಬ್ಬನನ್ನು ಕಳೆದುಕೊಂಡ ಫೀನಿಕ್ಸ್ ದಳ ಆಮೇಲೆ ಪ್ರಯೋಗ ಮಾಡಿ ನೋಡಿತು. ದೊಡ್ಡ ಕಟ್ಟಡದಲ್ಲಿ ಸಿಕ್ಕಿಬಿದ್ದ ಒಬ್ಬರನ್ನು ಹೊರತರಲು ಸರಾಸರಿ 12 ಮಂದಿ, 21 ನಿಮಿಷ ಬೇಕಾಯಿತು. ಸಿಕ್ಕಿಬಿದ್ದವರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಅಷ್ಟು ಗಾಳಿ ಉಳಿದಿರುವುದಿಲ್ಲ. ಆದ್ದರಿಂದಲೇ ಸ್ಥಿತಿ ಏನು, ಏನು ಮಾಡುತ್ತಿದ್ದೇವೆ, ಏನು ಬೇಕು ಎಂಬ ಮೂರು ಸಾಲಿನ ವರದಿಯನ್ನು ಕಷ್ಟ ಬರುವ ಮೊದಲೇ ಕೊಡಬೇಕೆಂಬ ಪಾಠಕ್ಕೆ ತೂಕ ಹೆಚ್ಚಿತು.

ಅದೇ ವರ್ಷದ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲಿನ ದಾಳಿಯಲ್ಲಿ 343 ಅಗ್ನಿಶಾಮಕರು ಸತ್ತರು. ಆಕಾಶದಲ್ಲಿದ್ದ ಪೊಲೀಸ್ ಹೆಲಿಕಾಪ್ಟರುಗಳಿಗೆ ಕಂಡದ್ದು ಗೋಪುರದ ಕೆಳಗಿದ್ದ ಅಗ್ನಿಶಾಮಕ ಮುಖ್ಯಸ್ಥರನ್ನು ತಲುಪಲಿಲ್ಲ. 2004ರಲ್ಲಿ ಅಮೆರಿಕ ಎಲ್ಲ ಇಲಾಖೆಗಳಿಗೂ ಒಂದೇ ರಾಷ್ಟ್ರೀಯ ವ್ಯವಸ್ಥೆ ತಂದಿತು. ಆದರೂ 2017ರ ಜೂನ್‌ನಲ್ಲಿ, 72 ಜನರನ್ನು ಬಲಿ ಪಡೆದ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ, ಒಳಗೆ ಸಿಕ್ಕಿಬಿದ್ದವರು ಫೋನಿನಲ್ಲಿ ಹೇಳಿದ ವಿವರ ಚೀಟಿಗಳ ಮೇಲೆ ಕೈಯಿಂದ ಕೈಗೆ ದಾಟಬೇಕಾಯಿತು.

ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ, 2010ರ ಜುಲೈನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ‘ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್’ ಮಾರ್ಗಸೂಚಿ ಹೊರಡಿಸಿತು. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊಣೆಗಾರರು. ನೆರೆ, ಭೂಕಂಪಗಳಿಗೆ ಇದು ಒಪ್ಪುತ್ತದೆ. ಆದರೆ ಪೇಟೆಯ ಗೋದಾಮಿಗೆ ಬೆಂಕಿ ಬಿದ್ದಾಗ ಮೊದಲ ಅರ್ಧ ಗಂಟೆ ಎಲ್ಲವೂ ಅಗ್ನಿಶಾಮಕ ಠಾಣಾಧಿಕಾರಿಯ ತಲೆಯ ಮೇಲೆ. ನೀರಿನ ಟ್ಯಾಂಕರ್ ತರಿಸುವುದು, ಕರೆಂಟ್ ತೆಗೆಸುವುದು, ಜನರನ್ನು ಹಿಂದೆ ಸರಿಸುವುದು, ಒಳಗೆ ಹೋದವರನ್ನು ಎಣಿಸುವುದು — ಇಷ್ಟನ್ನೂ ಒಬ್ಬರೇ ಮಾಡಿದರೆ ಯೋಚಿಸುವವರು ಯಾರು? ನಕ್ಷೆ ಬರೆದಿಡಲು, ರೇಡಿಯೋ ಕೇಳಲು, ಬಿಲ್ಲೆ ಎಣಿಸಲು ದಳದ ಒಬ್ಬರನ್ನಾದರೂ ಅವರ ಪಕ್ಕಕ್ಕೆ ಬಿಟ್ಟುಕೊಡುವುದು ದುಬಾರಿ ಸುಧಾರಣೆಯಲ್ಲ. ಒಂದು ಹಲಗೆ, ಒಂದು ವಾಕಿಟಾಕಿ, ಒಬ್ಬ ಮನುಷ್ಯ ಸಾಕು.

ಓದುಗರಿಗೂ ಇದರಲ್ಲಿ ಪಾಲಿದೆ. ಮುಂದೆ ಎಂದಾದರೂ ಬೆಂಕಿಯ ಜಾಗದಲ್ಲಿ ಕೈಯಲ್ಲಿ ಹೋಸ್ ಇಲ್ಲದೆ, ಒಂದೇ ಕಡೆ ನಿಂತು ರೇಡಿಯೋದಲ್ಲಿ ಮಾತಾಡುತ್ತಿರುವ ಅಧಿಕಾರಿ ಕಂಡರೆ ‘ಸುಮ್ಮನೆ ನಿಂತಿದ್ದಾರೆ’ ಎಂದು ರೇಗಬೇಡಿ. ಮೂರನೇ ಮಹಡಿಯಲ್ಲಿ ಅಜ್ಜಿಯೊಬ್ಬರಿದ್ದಾರೆ, ಹಿತ್ತಲಲ್ಲಿ ನಾಲ್ಕು ಗ್ಯಾಸ್ ಸಿಲಿಂಡರ್ ಇವೆ ಎಂಬುದು ಗೊತ್ತಿದ್ದರೆ ನೇರ ಹೋಗಿ ಅವರಿಗೆ ಹೇಳಿ, ಆಮೇಲೆ ದೂರ ಸರಿಯಿರಿ.